ಕೆಲಸಕ್ಕೆ ಟ್ಯಾಬ್ ಹಿಡಿದವರು ಲೆದರ್ ಕವರ್ ಕೊಳ್ಳುವ ಮುಂಚೆ: ಅಸಲಿ ಯಾವುದು, ನಕಲಿ ಯಾವುದು, ಯಾರಿಗೆ ಯಾವುದು ಸರಿ?

ಚಿತ್ರದುರ್ಗ: ಟ್ಯಾಬ್ ಅಂದ್ರೆ ಮಕ್ಕಳ ಆನ್‌ಲೈನ್ ಕ್ಲಾಸಿನ ಸಾಮಾನು ಅನ್ನೋ ಕಾಲ ಹೋಯ್ತು. ಈಗ ಕೋರ್ಟ್ ಆವರಣದಲ್ಲಿ ವಕೀಲರ ಕೈಯಲ್ಲಿ ಟ್ಯಾಬ್ ಇದೆ. ಡಾಕ್ಟರ್ ಕೊಠಡಿ ಮುಂದೆ ಕಾಯುವ ಮೆಡಿಕಲ್ ರೆಪ್ ಕೈಯಲ್ಲಿದೆ. ಹಳ್ಳಿಗೆ ಕಂತು ವಸೂಲಿಗೆ ಬರುವ ಫೈನಾನ್ಸ್ ಹುಡುಗರ ಬ್ಯಾಗಲ್ಲಿದೆ, ವಿಮೆ ಏಜೆಂಟರ ಬೈಕಿನ ಡಿಕ್ಕಿಯಲ್ಲಿದೆ, ಅಂಗಡಿ ಗಲ್ಲಾ ಪಕ್ಕ ಬಿಲ್ಲಿಂಗಿಗೂ ಇದೆ.

ಟ್ಯಾಬ್ ಕೊಂಡ ಕೂಡಲೇ ಅಂಗಡಿಯವರು ಕೇಳೋ ಎರಡನೇ ಮಾತು ಕವರಿನದ್ದು. ‘ಪ್ಯೂರ್ ಲೆದರ್ ಸಾರ್, ಲೈಫ್‌ಲಾಂಗ್ ಬರುತ್ತೆ’ ಅಂತಾರೆ. ಎರಡು ಬೇಸಿಗೆ ಕಳೆಯೋದರೊಳಗೆ ಅದು ಮೂಲೆಯಿಂದ ಈರುಳ್ಳಿ ಸಿಪ್ಪೆ ತರ ಏಳುತ್ತದೆ. ಒಳಗಿಂದ ಬಟ್ಟೆ ಕಾಣುತ್ತದೆ. ಕೊಂಡವರಿಗೆ ಅದು ಚರ್ಮವೇ ಅಲ್ಲ ಅಂತ ಗೊತ್ತಾಗೋದು ಆವಾಗ.

ಇದರಲ್ಲಿ ಎಲ್ಲ ಸಲವೂ ಅಂಗಡಿಯವರ ತಪ್ಪೇ ಇರುತ್ತದೆ ಅನ್ನೋಕಾಗಲ್ಲ. ಹೋಲ್‌ಸೇಲ್‌ನಲ್ಲಿ ಅವರಿಗೂ ‘ಲೆದರ್’ ಅಂತಲೇ ಹೇಳಿ ಕೊಟ್ಟಿರುತ್ತಾರೆ. ಹಾಗಾಗಿ ಕೊಳ್ಳುವವರಿಗೂ ಮಾರುವವರಿಗೂ ಉಪಯೋಗ ಆಗುವ ಮಾಹಿತಿ ಇಲ್ಲಿದೆ.

ನಾಲ್ಕು ಸಾಮಾನಿಗೆ ಒಂದೇ ಹೆಸರು

ಮಾರುಕಟ್ಟೆಯಲ್ಲಿ ‘ಲೆದರ್’ ಅನ್ನೋ ಒಂದೇ ಪದದ ಕೆಳಗೆ ನಾಲ್ಕು ಬೇರೆ ಬೇರೆ ಸಾಮಾನು ಮಾರಾಟ ಆಗುತ್ತಿವೆ.

ಮೊದಲನೆಯದು ಚರ್ಮದ ಮೇಲ್ಪದರ. ಪ್ರಾಣಿಯ ಚರ್ಮದಲ್ಲಿ ಕೂದಲು ಇದ್ದ ಕಡೆಯ ಪದರವೇ ಅತಿ ಗಟ್ಟಿ, ನಾರು ಒತ್ತಾಗಿ ಹೆಣೆದುಕೊಂಡಿರುತ್ತದೆ. ಅದನ್ನು ಉಜ್ಜದೆ ಹಾಗೇ ಉಳಿಸಿದರೆ ‘ಫುಲ್ ಗ್ರೇನ್’. ಸ್ವಲ್ಪ ಉಜ್ಜಿ, ಕಲೆ ತೆಗೆದು, ಮೇಲೆ ತೆಳ್ಳಗೆ ಬಣ್ಣ ಕೊಟ್ಟರೆ ‘ಟಾಪ್ ಗ್ರೇನ್’.

ಎರಡನೆಯದು ಸ್ಪ್ಲಿಟ್. ಎಮ್ಮೆ, ದನದ ಚರ್ಮ ದಪ್ಪ ಇರುವುದರಿಂದ ಯಂತ್ರದಲ್ಲಿ ಪದರ ಸೀಳುತ್ತಾರೆ. ಮೇಲ್ಪದರ ತೆಗೆದ ಮೇಲೆ ಉಳಿಯುವ ಕೆಳಗಿನ ಪದರವೇ ಸ್ಪ್ಲಿಟ್. ಇದೂ ಚರ್ಮವೇ. ಆದರೆ ನಾರು ಸಡಿಲ, ಹಾಗಾಗಿ ಮೇಲೆ ಪ್ಲಾಸ್ಟಿಕ್ ಪದರ ಕೂರಿಸಿ, ಅಚ್ಚು ಒತ್ತಿ ಗೆರೆ ಮೂಡಿಸುತ್ತಾರೆ. ‘ಜೆನ್ಯೂನ್ ಲೆದರ್’ ಅಂತ ಮುದ್ರೆ ಇರುವ ಅಗ್ಗದ ಕವರುಗಳಲ್ಲಿ ಹೆಚ್ಚಾಗಿ ಇರೋದು ಇದೇ. ಜೆನ್ಯೂನ್ ಅಂದ್ರೆ ಉತ್ತಮ ದರ್ಜೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ದರ್ಜೆಯ ಹೆಸರೇ ಅಲ್ಲ. ಚರ್ಮ ಇದೆ ಅಂತ ಹೇಳುತ್ತದೆ, ಅಷ್ಟೇ.

ಮೂರನೆಯದು ಬಾಂಡೆಡ್ ಲೆದರ್. ಕಾರ್ಖಾನೆಯಲ್ಲಿ ಉಳಿದ ಚರ್ಮದ ಚೂರು, ಪುಡಿಯನ್ನು ಅಂಟಿನಲ್ಲಿ ಕಲಸಿ ಹಾಳೆ ಮಾಡಿದ್ದು. ಸಾಗುವಾನಿ ಹಲಗೆಗೂ ಮರದ ಹೊಟ್ಟು ಒತ್ತಿ ಮಾಡಿದ ಬೋರ್ಡಿಗೂ ಎಷ್ಟು ವ್ಯತ್ಯಾಸವೋ ಇಲ್ಲೂ ಅಷ್ಟೇ. ವಾಸನೆ ಚರ್ಮದ್ದೇ ಬರುತ್ತದೆ, ಮಡಿಕೆ ಜಾಗದಲ್ಲಿ ಮೊದಲು ಬಿರಿಯುವುದೂ ಇದೇ.

ನಾಲ್ಕನೆಯದರಲ್ಲಿ ಚರ್ಮ ಒಂದು ಚೂರೂ ಇಲ್ಲ. ಪಿಯು ಅಥವಾ ಪಿವಿಸಿ, ನಮ್ಮ ಕಡೆ ಎಲ್ಲದಕ್ಕೂ ‘ರೆಕ್ಸಿನ್’ ಅನ್ನುತ್ತೇವೆ. ಬಟ್ಟೆ ಮೇಲೆ ಪ್ಲಾಸ್ಟಿಕ್ ಲೇಪನ. ಆನ್‌ಲೈನಲ್ಲಿ ಇದಕ್ಕೇ ‘ವೀಗನ್ ಲೆದರ್’, ‘ಪಿಯು ಲೆದರ್’, ‘ಲೆದರ್ ಫಿನಿಶ್’ ಅಂತ ಹೆಸರು. ಬೆವರು, ತೇವ, ಬಿಸಿ ಮೂರೂ ಸೇರಿದರೆ ಪಿಯು ಒಳಗಿನ ಬಂಧ ಕಡಿದು ಸಿಪ್ಪೆ ಬಿಡುತ್ತದೆ. ಬಳಸದೆ ಬೀರುವಿನಲ್ಲಿ ಇಟ್ಟರೂ ಇದು ತಪ್ಪಲ್ಲ. ಪಿವಿಸಿ ಆದರೆ ಅದನ್ನು ಮೆತ್ತಗಿಡುವ ಎಣ್ಣೆಯಂಥ ಅಂಶ ಕ್ರಮೇಣ ಆರಿ, ಗಟ್ಟಿಯಾಗಿ ಸೀಳುತ್ತದೆ.

ಹಾಗಂತ ರೆಕ್ಸಿನ್ ಕೆಟ್ಟದ್ದು ಅಂತ ಅಲ್ಲ. ರೆಕ್ಸಿನ್ ಅಂತ ಹೇಳಿ, ರೆಕ್ಸಿನ್ ರೇಟಿಗೆ ಕೊಟ್ಟರೆ ಯಾರಿಗೂ ತಕರಾರಿಲ್ಲ.

ಕ್ಯಾಮೆರಾ ತೂತಿನ ಅಂಚು ನೋಡಿ

ನೀರಿನ ಹನಿ ಹಾಕಿ ನೋಡು, ಹೀರಿಕೊಂಡರೆ ಅಸಲಿ ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ. ಇದನ್ನು ನಂಬಿ ಕೂರಬೇಡಿ. ಮೇಲೆ ಬಣ್ಣದ ಪದರ ಕೊಟ್ಟ ಅಸಲಿ ಚರ್ಮವೂ ನೀರು ಹೀರುವುದಿಲ್ಲ. ವಾಸನೆಯನ್ನೂ ನೆಚ್ಚಿಕೊಳ್ಳೋಕಾಗಲ್ಲ, ಚರ್ಮದ ವಾಸನೆಯ ಸ್ಪ್ರೇ ಬರುತ್ತದೆ. ಮೇಲಿನ ಗೆರೆ, ರಂಧ್ರ ನೋಡಿಯೂ ತೀರ್ಮಾನ ಮಾಡುವಂತಿಲ್ಲ, ಅಚ್ಚು ಒತ್ತಿ ಏನು ಬೇಕಾದರೂ ಮೂಡಿಸಬಹುದು. ಬೆಂಕಿ ಪರೀಕ್ಷೆ ನಿಜ. ಚರ್ಮ ಸುಟ್ಟರೆ ಕೂದಲು ಸುಟ್ಟ ವಾಸನೆ, ಪ್ಲಾಸ್ಟಿಕ್ ಆದರೆ ಕರಗಿ ಮುದ್ದೆ. ಆದರೆ ಅಂಗಡಿಯಲ್ಲಿ ಲೈಟರ್ ತೆಗೆದರೆ ಯಾರು ಸುಮ್ಮನಿರ್ತಾರೆ?

ಸುಲಭದ ದಾರಿ ಅಂದ್ರೆ ಕತ್ತರಿಸಿದ ಅಂಚು ನೋಡೋದು. ಕವರಿನ ಹೊರ ಅಂಚನ್ನು ಹೆಚ್ಚಾಗಿ ಮಡಿಚಿ ಹೊಲಿದಿರುತ್ತಾರೆ, ಅಲ್ಲಿ ಏನೂ ಕಾಣಲ್ಲ. ಕ್ಯಾಮೆರಾಗೆ ಬಿಟ್ಟ ತೂತು, ಪೆನ್ ಸಿಕ್ಕಿಸುವ ಕುಣಿಕೆಯ ತುದಿ, ಕಾರ್ಡ್ ಜೇಬಿನ ಒಳಬದಿ, ಈ ಮೂರು ಕಡೆ ಅಂಚು ಬಯಲಾಗಿರುತ್ತದೆ. ಮೊಬೈಲ್ ಟಾರ್ಚ್ ಹಾಕಿ ನೋಡಿ. ಚರ್ಮ ಆದರೆ ಮೇಲಿಂದ ಕೆಳಗಿನವರೆಗೆ ನಾರು ನಾರಾಗಿ ಒಂದೇ ಮೈ ಕಾಣುತ್ತದೆ. ರೆಕ್ಸಿನ್ ಆದರೆ ಮೇಲೆ ನುಣುಪು ಗೆರೆ, ಕೆಳಗೆ ನೇಯ್ದ ಬಟ್ಟೆ. ಬಾಂಡೆಡ್ ಆದರೆ ಪುಡಿ ಒತ್ತಿದಂತೆ, ಉಗುರಲ್ಲಿ ಕೆರೆದರೆ ಚೂರು ಉದುರುತ್ತದೆ. ಸ್ಪ್ಲಿಟ್ ಆದರೆ ಕೆಳಗೆ ಜುಂಗು ನಾರು, ಮೇಲೆ ಬೇರೆಯೇ ಒಂದು ಪ್ಲಾಸ್ಟಿಕ್ ಪದರ ಕೂತಿರೋದು ಕಣ್ಣಿಗೆ ಬೀಳುತ್ತದೆ.

ಅಂಚಿಗೆ ದಪ್ಪ ಬಣ್ಣ ಬಳಿದು ಪೂರ್ತಿ ಮುಚ್ಚಿದ್ದರೆ? ಒಳ್ಳೆ ಕಂಪನಿಯವರೂ ಅಂಚಿಗೆ ಬಣ್ಣ ಕೊಡುತ್ತಾರೆ. ಆಗ ಜೇಬಿನ ಒಳಗೆ ಬೆರಳು ಹಾಕಿ ಚರ್ಮದ ಹಿಂಬದಿ ಮುಟ್ಟಿ ನೋಡಬೇಕು. ಅಲ್ಲೂ ಬಟ್ಟೆ ಅಂಟಿಸಿದ್ದರೆ, ಚರ್ಮ ಅಂತ ಬಿಲ್ಲಿನಲ್ಲಿ ಬರೆದುಕೊಡಿ ಅಂತ ಕೇಳಿ. ಕೊಡೋಕೆ ಹಿಂದೆ ಮುಂದೆ ನೋಡಿದರೆ ಉತ್ತರ ಸಿಕ್ಕ ಹಾಗೇ.

ಲೆಕ್ಕ ಹಾಕಿದರೂ ಗೊತ್ತಾಗುತ್ತದೆ

ಚರ್ಮ ಮಾರೋದು ಚದರ ಅಡಿ ಲೆಕ್ಕದಲ್ಲಿ. 11 ಇಂಚಿನ ಸ್ಯಾಮ್‌ಸಂಗ್ ಟ್ಯಾಬ್ ಎ9 ಪ್ಲಸ್ ಉದ್ದ 257 ಮಿ.ಮೀ., ಅಗಲ 169 ಮಿ.ಮೀ. ಸುತ್ತ ಒಂದು ಸೆಂ.ಮೀ. ಹೊಲಿಗೆಗೆ ಬಿಟ್ಟರೆ ಒಂದು ಬದಿಗೆ ಸುಮಾರು 520 ಚದರ ಸೆಂ.ಮೀ. ಪುಸ್ತಕದ ತರ ಮಡಿಚುವ ಕವರಿಗೆ ಎರಡು ಬದಿ ಮತ್ತು ನಡುವಿನ ಬೆನ್ನು ಸೇರಿ 1,100 ಚದರ ಸೆಂ.ಮೀ. ಅಂದ್ರೆ ಹತ್ತಿರ ಹತ್ತಿರ 1.2 ಚದರ ಅಡಿ. ಒಳಜೇಬು, ಪಟ್ಟಿ, ಕತ್ತರಿಸುವಾಗ ಹಾಳಾಗುವ ಚೂರು ಎಲ್ಲ ಸೇರಿಸಿದರೆ 2 ಚದರ ಅಡಿ ಬೇಕು. ಅದರ ಮೇಲೆ ಒಳಗಿನ ಅಸ್ತರು, ಗಟ್ಟಿ ರಟ್ಟು, ಅಯಸ್ಕಾಂತ, ಕೂಲಿ, ಸಾಗಣೆ, ತೆರಿಗೆ, ಹೋಲ್‌ಸೇಲರ ಲಾಭ, ಅಂಗಡಿಯವರ ಲಾಭ.

ಇಷ್ಟೆಲ್ಲ ಸೇರಿ ಮುನ್ನೂರು ರೂಪಾಯಿಗೆ ಪೂರ್ತಿ ಚರ್ಮದ ಕವರ್ ಬರೋದು ಹೇಗೆ ಅಂತ ಒಂದು ಕ್ಷಣ ಯೋಚನೆ ಮಾಡಿದರೆ ಸಾಕು. ಇದರ ಉಲ್ಟಾನೂ ನಿಜ. ರೇಟು ಜಾಸ್ತಿ ಇದೆ ಅಂದ ಮಾತ್ರಕ್ಕೆ ಅದು ಚರ್ಮ ಆಗಿಬಿಡಲ್ಲ. ದೊಡ್ಡ ಬ್ರ್ಯಾಂಡುಗಳ ದುಬಾರಿ ಕವರುಗಳಲ್ಲೂ ಪಿಯು ಇರುತ್ತದೆ. ಆಪಲ್ ಕಂಪನಿಯಂತೂ ತನ್ನ ಯಾವ ಹೊಸ ಸಾಮಾನಿನಲ್ಲೂ ಚರ್ಮ ಬಳಸುವುದಿಲ್ಲ ಅಂತ 2023ರ ಸೆಪ್ಟೆಂಬರ್‌ನಲ್ಲೇ ಘೋಷಿಸಿತು. ಹಾಗಾಗಿ ಈಗ ‘ಹೊಸ ಸ್ಟಾಕ್, ಆಪಲ್ ಕಂಪನಿಯದ್ದೇ ಒರಿಜಿನಲ್ ಲೆದರ್ ಐಪ್ಯಾಡ್ ಕವರ್’ ಅಂತ ಯಾರಾದರೂ ಕೊಟ್ಟರೆ ಒಂದೋ ಹಳೇ ಸ್ಟಾಕ್, ಇಲ್ಲಾಂದ್ರೆ ನಕಲಿ.

ನಮ್ಮ ಜಿಲ್ಲೆಯ ಧೂಳಿಗೆ ಯಾವುದು?

ಬೆಂಗಳೂರಿನ ಎಸಿ ಆಫೀಸಿಗೆ ಹೇಳುವ ಸಲಹೆ ಇಲ್ಲಿಗೆ ಹೊಂದಲ್ಲ. ಚಿತ್ರದುರ್ಗದ ಬೇಸಿಗೆ, ಗಾಳಿ, ಧೂಳು ಮೂರನ್ನೂ ಲೆಕ್ಕಕ್ಕೆ ತಗೋಬೇಕು. ಜೋಗಿಮಟ್ಟಿ ಸಾಲಿನ ಮೇಲೆ ಗಾಳಿ ವಿದ್ಯುತ್ ಗಿರಣಿ ಸುಮ್ಮನೆ ನಿಲ್ಲಿಸಿಲ್ಲ.

ಧೂಳಿನಲ್ಲಿ ಮರಳಿನ ಸಣ್ಣ ಕಣ ಇರುತ್ತದೆ, ಅದು ಗಾಜಿಗೆ ಗೀರು ಹಾಕುವಷ್ಟು ಗಟ್ಟಿ. ಭೀಮಸಮುದ್ರ ಕಡೆಯ ಗಣಿ ಲಾರಿ ಓಡಾಡುವ ರಸ್ತೆಗಳಲ್ಲಿ, ಹೊಸದುರ್ಗ, ಹೊಳಲ್ಕೆರೆಯ ಅದಿರಿನ ಸುತ್ತಮುತ್ತ ಇದರ ಜೊತೆಗೆ ಕೆಂಪು ಧೂಳೂ ಸೇರುತ್ತದೆ. ಇಲ್ಲೊಂದು ವಿಚಾರ ಯಾವ ಕವರ್ ಡಬ್ಬದ ಮೇಲೂ ಬರೆದಿರಲ್ಲ. ಮಕ್ಕಳು ಮರಳಿನಲ್ಲಿ ಅಯಸ್ಕಾಂತ ಎಳೆದು ಕಪ್ಪು ಪುಡಿ ಹಿಡಿಯುವ ಆಟ ಎಲ್ಲರಿಗೂ ಗೊತ್ತು. ಮಡಿಚುವ ಕವರಿನ ಅಂಚಿನಲ್ಲಿ, ಮುಚ್ಚಳದ ಒಳಗೆ ಅಯಸ್ಕಾಂತ ಇರುತ್ತದೆ. ಧೂಳಿನ ದಾರಿಯಲ್ಲಿ ತಿರುಗಿದರೆ ಅಲ್ಲೂ ಅದೇ ಕಪ್ಪು ಪುಡಿ ಬಂದು ಕೂರುತ್ತದೆ. ಮುಚ್ಚಿದಾಗ ಅದು ನೇರವಾಗಿ ಸ್ಕ್ರೀನಿನ ಅಂಚಿಗೆ ಒತ್ತುತ್ತದೆ. ಕವರ್ ಹಾಕಿದ್ರೂ ಸ್ಕ್ರೀನ್ ಹೇಗೆ ಗೀರು ಬಿತ್ತು ಅನ್ನೋರಿಗೆ ಒಂದು ಕಾರಣ ಇದು.

ಹಾಗಾಗಿ ದಿನಾ ಬೈಕಲ್ಲಿ ಹಳ್ಳಿ ಸುತ್ತುವವರಿಗೆ ಪುಸ್ತಕದಂತೆ ತೆರೆದಿರುವ ಫೋಲಿಯೋ ಕವರಿಗಿಂತ ಜಿಪ್ ಇರುವ ಪೌಚ್ ಮೇಲು. ಜಿಪ್ಪಿನ ಹಲ್ಲಿಗೂ ಟ್ಯಾಬಿಗೂ ನಡುವೆ ಒಂದು ಪಟ್ಟಿ ಹೊಲಿದಿದೆಯಾ ನೋಡಿ, ಇಲ್ಲದಿದ್ದರೆ ಜಿಪ್ಪೇ ಟ್ಯಾಬಿನ ಅಂಚನ್ನು ಕೆರೆಯುತ್ತದೆ. ಒಳಗಿನ ಅಸ್ತರು ಮಖಮಲ್ಲಿನ ಹಾಗೆ ಜುಂಗು ಇದ್ದರೆ ನೋಡೋಕೆ ಚಂದ, ಆದರೆ ಧೂಳು ಹಿಡಿದಿಟ್ಟುಕೊಳ್ಳುತ್ತದೆ. ನುಣುಪು ಬಟ್ಟೆಯ ಅಸ್ತರು ಒಳ್ಳೆಯದು, ಕೊಡವಿದರೆ ಹೋಗುತ್ತದೆ. ಯಾವ ಕವರ್ ಹಾಕಿದರೂ ಟೆಂಪರ್ಡ್ ಗ್ಲಾಸ್ ಬಿಡಬೇಡಿ.

ಚರ್ಮದ ದರ್ಜೆ ವಿಚಾರದಲ್ಲಿ ಎಲ್ಲರೂ ಫುಲ್ ಗ್ರೇನ್ ಅಂತ ಹೊಗಳುತ್ತಾರೆ. ಮೇಲೆ ಏನೂ ಲೇಪಿಸದ ಫುಲ್ ಗ್ರೇನ್ ಬೆವರಿನ ಕೈ, ಕೆಂಪು ಧೂಳು, ಎಣ್ಣೆ ಎಲ್ಲವನ್ನೂ ಹೀರಿ ಬೇಗ ಕಲೆ ಆಗುತ್ತದೆ. ಇಲ್ಲಿನ ಓಡಾಟಕ್ಕೆ ತೆಳುವಾಗಿ ಫಿನಿಶ್ ಕೊಟ್ಟ ಟಾಪ್ ಗ್ರೇನ್ ಸಾಕು, ಅದೇ ಸರಿ ಕೂಡ. ಒರೆಸಿದರೆ ಹೋಗುತ್ತದೆ, ರೇಟೂ ಕಡಿಮೆ.

ಬಿಸಿಲಿನದ್ದು ಇನ್ನೊಂದು ಸಮಸ್ಯೆ. ಚರ್ಮದ ಕವರ್ ಟ್ಯಾಬಿಗೆ ಕಂಬಳಿ ಹೊದಿಸಿದ ಹಾಗೆ, ಶಾಖ ಹೊರಗೆ ಹೋಗೋಕೆ ಬಿಡಲ್ಲ. ಐಪ್ಯಾಡನ್ನು 35 ಡಿಗ್ರಿವರೆಗಿನ ವಾತಾವರಣದಲ್ಲಿ ಬಳಸಿ ಅಂತ ಕಂಪನಿಯೇ ಹೇಳುತ್ತದೆ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ನೆರಳಲ್ಲೇ ಅದು ದಾಟುತ್ತದೆ. ಹಿರಿಯೂರು ಹೆದ್ದಾರಿ ಪಕ್ಕ ಕಾರು ನಿಲ್ಲಿಸಿ ಊಟಕ್ಕೆ ಹೋಗುವವರು ಡ್ಯಾಶ್‌ಬೋರ್ಡ್ ಮೇಲೆ ಟ್ಯಾಬ್ ಬಿಡಬಾರದು. ಒಳಗಿನ ಬಿಸಿ 50 ಡಿಗ್ರಿ ಮೀರಿದರೆ ಬ್ಯಾಟರಿ ಉಬ್ಬೋ ಅಪಾಯ ಇದೆ, ಕವರಿನ ಅಂಟೂ ಬಿಡುತ್ತದೆ. ಚಾರ್ಜಿಗೆ ಹಾಕುವಾಗ ದಪ್ಪ ಕವರ್ ತೆಗೆದು ಹಾಕೋದು ಒಳ್ಳೆ ಅಭ್ಯಾಸ.

ಕೆಲಸ ಯಾವುದೋ ಕವರ್ ಅದಕ್ಕೆ ತಕ್ಕಂತೆ

ವಕೀಲರು, ಆಡಿಟರ್‌ಗಳು, ಮೇಜಿನ ಮೇಲೆ ಇಟ್ಟು ಓದುವವರು ತೆಳ್ಳನೆ ಚರ್ಮದ ಫೋಲಿಯೋ ತಗೊಂಡರೆ ನ್ಯಾಯ. ಕೇಸ್ ಫೈಲಿನ ಜೊತೆ ಕೈಯಲ್ಲಿ ಹಿಡಿಯೋಕೆ ಬರುತ್ತದೆ, ಒಳಗೆ ಎರಡು ಹಾಳೆ ಇಡೋ ಜೇಬು ಇದ್ದರೆ ಸಾಕು. ನೋಟ್‌ಪ್ಯಾಡ್, ಪೆನ್, ಹತ್ತು ಕಾರ್ಡು, ಕ್ಯಾಲ್ಕುಲೇಟರ್ ಎಲ್ಲ ಇಡೋ ದಪ್ಪ ‘ಎಕ್ಸಿಕ್ಯುಟಿವ್’ ಕೇಸು ನೋಡೋಕೆ ದೊಡ್ಡದು. ಆದರೆ ತುಂಬಿದಾಗ ಪೆನ್ನಿನ ಉಬ್ಬು ಸ್ಕ್ರೀನ್ ಮೇಲೆ ಒತ್ತುತ್ತದೆ. ಬ್ಯಾಗಿನ ಕೆಳಗೆ ಸಿಕ್ಕಿಕೊಂಡರೆ ಗಾಜು ಅಲ್ಲೇ ಬಿರುಕು ಬಿಡೋದು.

ಬ್ಯಾಂಕ್ ಮಿತ್ರರು, ಫೈನಾನ್ಸ್ ಸಿಬ್ಬಂದಿ ಮೊದಲು ನೋಡಬೇಕಾದ್ದು ಚರ್ಮವನ್ನಲ್ಲ, ಚಾರ್ಜಿಂಗ್ ಪೋರ್ಟಿನ ತೂತನ್ನು. ಹೆಬ್ಬೆಟ್ಟು ತೆಗೆದುಕೊಳ್ಳುವ ಯಂತ್ರದ ವೈರು ಕವರ್ ತೆಗೆಯದೆ ಸಿಕ್ಕಿಸಲು ಬರಬೇಕು. ಯಂತ್ರದ ಪಿನ್ನಿನ ಸುತ್ತ ಇರುವ ರಬ್ಬರ್ ದಪ್ಪ ಇರುತ್ತದೆ, ಕವರಿನ ತೂತು ಚಿಕ್ಕದಿದ್ದರೆ ಪಿನ್ನು ಪೂರ್ತಿ ಕೂರಲ್ಲ. ಮನೆ ಬಾಗಿಲಲ್ಲಿ ಹತ್ತು ಸಲ ಹೆಬ್ಬೆಟ್ಟು ಒತ್ತಿಸಿಕೊಂಡು ‘ಸರ್ವರ್ ಇಲ್ಲ ಕಣಮ್ಮ’ ಅನ್ನೋದರಲ್ಲಿ ಒಂದಷ್ಟು ಪಾಲು ಈ ಸಡಿಲ ಪಿನ್ನಿನದ್ದೂ ಇರುತ್ತದೆ. ಕೊಳ್ಳೋಕೆ ಹೋಗುವಾಗ ಯಂತ್ರವನ್ನೂ ಜೊತೆಗೆ ತಗೊಂಡು ಹೋಗಿ, ಅಲ್ಲೇ ಸಿಕ್ಕಿಸಿ ನೋಡಿ. ದಾಖಲೆ ಫೋಟೋ ತೆಗೆಯುವವರು ಕ್ಯಾಮೆರಾ ತೂತೂ ನೋಡಬೇಕು, ಅಂಚು ಚೂರು ಅಡ್ಡ ಬಂದರೂ ಫ್ಲಾಷ್ ಬೆಳಕು ಚರ್ಮಕ್ಕೆ ಬಡಿದು ಫೋಟೋ ಬೆಳ್ಳಗಾಗುತ್ತದೆ. ನಿಂತು ಕೆಲಸ ಮಾಡುವವರಿಗೆ ಹಿಂದೆ ಕೈಪಟ್ಟಿ ಇರಲೇಬೇಕು.

ಇನ್ನೊಂದು ಮಾತು. ಟ್ಯಾಬ್ ಕವರಿನ ಜೇಬಲ್ಲಿ ಗ್ರಾಹಕರ ಆಧಾರ್ ಜೆರಾಕ್ಸ್, ಪಾಸ್‌ಬುಕ್, ಸ್ವಂತ ಎಟಿಎಂ ಕಾರ್ಡ್ ಇಟ್ಟುಕೊಂಡು ಓಡಾಡೋರು ತುಂಬಾ ಜನ. ಬಸ್ಸಲ್ಲಿ ಕವರ್ ಬಿಟ್ಟರೆ ಟ್ಯಾಬ್ ಒಂದೇ ಹೋಗಲ್ಲ, ಊರಿನ ನಾಲ್ಕು ಮನೆ ದಾಖಲೆನೂ ಹೋಗುತ್ತದೆ.

ಆಸ್ಪತ್ರೆ, ಲ್ಯಾಬ್, ಮೆಡಿಕಲ್ ಸ್ಟೋರಿನವರಿಗೆ ಚರ್ಮ ಬೇಡವೇ ಬೇಡ. ಅಲ್ಲಿ ಸ್ಪಿರಿಟ್, ಸ್ಯಾನಿಟೈಸರ್ ಹಾಕಿ ಒರೆಸಬೇಕಾಗುತ್ತದೆ, ಅದು ಚರ್ಮದ ಬಣ್ಣ ಎಬ್ಬಿಸಿಬಿಡುತ್ತದೆ. ಸಿಲಿಕಾನ್ ಕವರ್ ತಗೊಳ್ಳಿ. ಬೇಕರಿ, ಹೋಟೆಲ್, ಕಿರಾಣಿ ಗಲ್ಲಾದಲ್ಲಿ ಟ್ಯಾಬ್ ಅಲುಗಾಡಲ್ಲ, ಅಲ್ಲಿಗೆ ಲೋಹದ ಸ್ಟ್ಯಾಂಡ್ ಸಾಕು. ಎಣ್ಣೆ ಕೈಗೆ ಚರ್ಮದ ಕವರ್ ಕೊಟ್ಟರೆ ತಿಂಗಳಲ್ಲಿ ಬಜ್ಜಿ ಪೇಪರ್ ಆಗುತ್ತದೆ.

ಮಾಡೆಲ್ ನಂಬರ್ ಬರೆದುಕೊಂಡು ಹೋಗಿ

‘10 ಇಂಚಿಂದು ಕೊಡಿ’ ಅಂದ್ರೆ ಆಗಲ್ಲ. ಇಂಚಿನ ಲೆಕ್ಕ ಸ್ಕ್ರೀನಿನ ಮೂಲೆಯಿಂದ ಮೂಲೆಗೆ, ಹೊರಗಿನ ಅಳತೆ ಬೇರೆ. 10.2 ಇಂಚಿನ ಐಪ್ಯಾಡ್ 250.6 ಮಿ.ಮೀ. ಉದ್ದ, 174.1 ಮಿ.ಮೀ. ಅಗಲ. ಅದರ ನಂತರ ಬಂದ 10ನೇ ತಲೆಮಾರಿನದ್ದು ಸ್ಕ್ರೀನ್ ದೊಡ್ಡದಾದರೂ ಉದ್ದ 248.6 ಮಿ.ಮೀ., ಅಗಲ 179.5 ಮಿ.ಮೀ. ಕವರ್ ಒಂದರದ್ದು ಇನ್ನೊಂದಕ್ಕೆ ಕೂರಲ್ಲ. ಸ್ಯಾಮ್‌ಸಂಗ್ ಎ9 ಮತ್ತು ಎ9 ಪ್ಲಸ್ ಹೆಸರಲ್ಲಿ ಒಂದೇ ಪದ ವ್ಯತ್ಯಾಸ, ಅಳತೆಯಲ್ಲಿ ಒಂದು 8.7 ಇಂಚು, ಇನ್ನೊಂದು 11 ಇಂಚು. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್’ ಒತ್ತಿದರೆ ಮಾಡೆಲ್ ನಂಬರ್ ಸಿಗುತ್ತದೆ.

‘ಯೂನಿವರ್ಸಲ್’ ಕವರುಗಳಲ್ಲಿ ಟ್ಯಾಬನ್ನು ನಾಲ್ಕು ಮೂಲೆ ಎಲಾಸ್ಟಿಕ್ ಹಿಡಿದಿರುತ್ತದೆ. ಬಿಸಿಲಿಗೆ ಎಲಾಸ್ಟಿಕ್ ಸಡಿಲಾಗುತ್ತದೆ, ಆಮೇಲೆ ಟ್ಯಾಬ್ ಜಾರಿ ಬೀಳುತ್ತದೆ. ಆದಷ್ಟೂ ಆ ಮಾಡೆಲ್ಲಿಗೇ ಮಾಡಿದ ಗಟ್ಟಿ ಚೌಕಟ್ಟು ಇರೋದನ್ನು ಆರಿಸಿ.

ಮುಚ್ಚಳ ಮುಚ್ಚಿದ ಕೂಡಲೇ ಸ್ಕ್ರೀನ್ ಆರೋದು ಅಯಸ್ಕಾಂತದಿಂದ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಅಂಥ ಕವರನ್ನು ಎದೆಗೆ ಅವಚಿ ಹಿಡಿಯಬಾರದು, ಕನಿಷ್ಠ 15 ಸೆಂ.ಮೀ. ದೂರ ಇರಬೇಕು. ಎಟಿಎಂ ಕಾರ್ಡಿನ ಚಿಪ್ಪಿಗೆ ಅಯಸ್ಕಾಂತದಿಂದ ತೊಂದರೆ ಇಲ್ಲ, ಹಿಂದಿನ ಕಪ್ಪು ಪಟ್ಟಿ ಮಾತ್ರ ಕೆಡಬಹುದು.

ಬಸ್ ಸ್ಟ್ಯಾಂಡ್ ಪಕ್ಕದವರಿಗೆ ತೋರಿಸಿ

ಕವರ್ ಎಷ್ಟು ದಿನ ಬಾಳುತ್ತೆ ಅನ್ನೋದನ್ನು ಕೊನೆಗೆ ತೀರ್ಮಾನ ಮಾಡೋದು ಹೊಲಿಗೆ. ಇಂಚಿಗೆ ಆರರಿಂದ ಎಂಟು ಹೊಲಿಗೆ ಒಂದೇ ಸಮ ಇದ್ದರೆ ಒಳ್ಳೆಯದು. ತೀರಾ ಹತ್ತಿರ ಹತ್ತಿರ ಹೊಲಿದರೂ ಕಷ್ಟ, ಅಂಚೆಚೀಟಿ ತೂತಿನ ಹಾಗೆ ಚರ್ಮ ಅದೇ ಗೆರೆಯಲ್ಲಿ ಹರಿಯುತ್ತದೆ. ನೂಲು ನೈಲಾನ್ ಅಥವಾ ಪಾಲಿಯೆಸ್ಟರ್ ಆಗಿರಬೇಕು, ಹತ್ತಿ ನೂಲು ಬೆವರಿಗೆ ಕೊಳೆಯುತ್ತದೆ. ಬೆನ್ನಿನ ಮಡಿಕೆ ಹತ್ತಿರ, ಪಟ್ಟಿ ಸೇರುವಲ್ಲಿ ಎರಡು ಸುತ್ತು ಹೊಲಿಗೆ ಇದೆಯಾ ನೋಡಿ. ಬರೀ ಗಮ್ ಹಾಕಿ ಅಂಟಿಸಿ, ಮೇಲೆ ಹೊಲಿಗೆ ತರ ಅಚ್ಚು ಒತ್ತಿದ ಕವರುಗಳೂ ಇವೆ.

ಇದನ್ನೆಲ್ಲ ಒಂದು ನಿಮಿಷದಲ್ಲಿ ಹೇಳಬಲ್ಲವರು ಆರೂ ತಾಲ್ಲೂಕಿನ ಬಸ್ ಸ್ಟ್ಯಾಂಡ್, ಸಂತೆ ಹತ್ತಿರ ಚಪ್ಪಲಿ ಹೊಲಿಯುತ್ತಾ ಕೂತಿರುವ ಚರ್ಮ ಕುಶಲಕರ್ಮಿಗಳು. ಬದುಕಿಡೀ ಚರ್ಮ ಮುಟ್ಟಿದ ಕೈ, ಹೆಬ್ಬೆರಳಲ್ಲಿ ಒತ್ತಿದರೆ ಚರ್ಮವೋ ರೆಕ್ಸಿನ್ನೋ ಗೊತ್ತಾಗಿಬಿಡುತ್ತದೆ. ಆನ್‌ಲೈನಲ್ಲಿ ತರಿಸಿದ್ದಾದರೆ ವಾಪಸ್ ಮಾಡುವ ಅವಧಿ ಮುಗಿಯೋ ಮುಂಚೆ ಅವರ ಹತ್ತಿರ ಒಯ್ದು ತೋರಿಸಿ, ಅವರ ಸಮಯಕ್ಕೆ ಏನಾದರೂ ಕೊಡಿ. ಹೊಲಿಗೆ ಬಿಟ್ಟ ಅಸಲಿ ಚರ್ಮದ ಕವರನ್ನು ಅವರು ಮತ್ತೆ ಹೊಲಿದು ಕೊಡುತ್ತಾರೆ, ಜಿಪ್ ಬದಲಾಯಿಸುತ್ತಾರೆ. ಸಿಪ್ಪೆ ಬಿಟ್ಟ ಪಿಯುಗೆ ಅವರೂ ಏನೂ ಮಾಡೋಕಾಗಲ್ಲ. ಚರ್ಮಕ್ಕೆ ಜಾಸ್ತಿ ದುಡ್ಡು ಕೊಡೋದಕ್ಕೆ ಅರ್ಥ ಬರೋದು ಇಲ್ಲೇ, ಅದು ರಿಪೇರಿ ಆಗುತ್ತದೆ.

ಹೊಸದಾಗಿಯೂ ಮಾಡಿಸಬಹುದು. ಟ್ಯಾಬ್ ಅಳತೆ ಕೊಟ್ಟರೆ ಸಾದಾ ಪೌಚ್ ಹೊಲಿಯೋದು ಅನುಭವಸ್ಥರಿಗೆ ದೊಡ್ಡ ಕೆಲಸ ಅಲ್ಲ. ಕ್ಯಾಮೆರಾ ತೂತು, ಅಯಸ್ಕಾಂತ ಇರುವ ಫೋಲಿಯೋ ಮಾತ್ರ ಕಷ್ಟ. ಪೌಚಿಗೆ 1ರಿಂದ 1.2 ಮಿ.ಮೀ. ದಪ್ಪದ ಚರ್ಮ ಸಾಕು. ಮೇಕೆ ಚರ್ಮ ತೆಳ್ಳಗೆ, ಹಗುರ, ಆದರೆ ಗಟ್ಟಿ. ಎಮ್ಮೆಯದು ದಪ್ಪ, ಭಾರ. ಕುರಿ ಚರ್ಮ ಮೆತ್ತಗೆ, ಬೇಗ ಗೀರು ಬೀಳುತ್ತದೆ. ಅಳತೆಗೆ ಸುತ್ತ 3-4 ಮಿ.ಮೀ. ಮಾತ್ರ ಸಡಿಲ ಬಿಡಿಸಿ, ಚರ್ಮ ಬಳಸುತ್ತಾ ಹಿಗ್ಗುತ್ತದೆ.

ಚರ್ಮ ಹದ ಮಾಡುವ ಸರಕು ನಮ್ಮ ಬಯಲಲ್ಲೇ ಬೆಳೆಯುತ್ತದೆ ಅನ್ನೋದು ಈಗಿನವರಿಗೆ ಮರೆತೇ ಹೋಗಿದೆ. ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆ, ಕರಿಜಾಲಿ ತೊಗಟೆ, ಅಳಲೆಕಾಯಿ, ಇವೆಲ್ಲ ಚರ್ಮ ಹದ ಮಾಡೋಕೆ ಬಳಸುತ್ತಿದ್ದ ಸಾಮಾನು. ಈಗ ಬಹುಪಾಲು ಕ್ರೋಮ್ ಹದ, ಬೇಗ ಮುಗಿಯುತ್ತದೆ, ಮೆತ್ತಗೆ ಬರುತ್ತದೆ. ಚರ್ಮ ಕಾಯಕದ ಸಮುದಾಯದ ಶರಣ ಮಾದಾರ ಚೆನ್ನಯ್ಯನವರ ಹೆಸರಿನ ಗುರುಪೀಠ ಇರೋದೂ ಚಿತ್ರದುರ್ಗದಲ್ಲೇ. ಆದರೂ ಇಲ್ಲಿನ ಅಂಗಡಿಗಳಲ್ಲಿ ನೇತಾಡುವ ಕವರುಗಳಲ್ಲಿ ಇಲ್ಲಿನ ಕೈ ಹೊಲಿದದ್ದು ಹುಡುಕಿದರೂ ಸಿಗೋದು ಕಷ್ಟ.

ಸರ್ಕಾರಿ ಕಡೆಯಿಂದ ಲಿಡ್‌ಕರ್ ಇದೆ. 1976ರಲ್ಲಿ ಶುರುವಾದ ರಾಜ್ಯದ ನಿಗಮ, ಈಗ ಡಾ.ಬಾಬು ಜಗಜೀವನ್ ರಾಮ್ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ ಅಂತ ಹೆಸರು. 2023ರಲ್ಲಿ ನಟ ಡಾಲಿ ಧನಂಜಯ ಇದರ ರಾಯಭಾರಿ ಆದ ಮೇಲೆ ಹೆಸರು ಜನರ ಬಾಯಿಗೆ ಬಂತು. ಚಪ್ಪಲಿ, ಶೂ, ಬ್ಯಾಗ್, ಬೆಲ್ಟ್ ಮಾರುತ್ತಾರೆ. ಅಸಲಿ ಚರ್ಮ ಮುಟ್ಟಿದರೆ ಹೇಗಿರುತ್ತೆ ಅಂತ ಗೊತ್ತಾಗಬೇಕಾದರೆ ಬೆಂಗಳೂರಿಗೆ ಹೋದಾಗ ಅವರ ಮಳಿಗೆಯಲ್ಲಿ ಒಂದು ಬ್ಯಾಗ್ ಕೈಗೆತ್ತಿಕೊಂಡು ನೋಡಿ ಬರಬಹುದು.

ಯಾವ ಪ್ರಾಣಿಯದು?

ಇದನ್ನು ಕೇಳೋಕೆ ಸಂಕೋಚ ಪಡುವ ಗ್ರಾಹಕರು ನಮ್ಮಲ್ಲಿ ಜಾಸ್ತಿ. ಪೂಜೆ ಮಾಡುವ ಕೈಯಲ್ಲಿ ಹಿಡಿಯಬೇಕು, ಅಂಗಡಿ ಗಲ್ಲಾ ಮೇಲೆ ಲಕ್ಷ್ಮಿ ಫೋಟೋ ಮುಂದೆ ಇಡಬೇಕು ಅನ್ನೋರಿಗೆ ಇದು ಸಣ್ಣ ಪ್ರಶ್ನೆ ಅಲ್ಲ. ಎಷ್ಟೋ ಕವರಿನ ಲೇಬಲ್ ಮೇಲೆ ಪ್ರಾಣಿ ಹೆಸರು ಇರಲ್ಲ. ಕೇಳಿ, ಮೇಕೆಯೋ ಕುರಿಯೋ ಎಮ್ಮೆಯೋ ಅಂತ ಬರೆದಿರುವ ಸಾಮಾನನ್ನೇ ತಗೊಳ್ಳಿ. ಚರ್ಮವೇ ಬೇಡ ಅಂದರೆ ಕ್ಯಾನ್ವಾಸ್, ನೈಲಾನ್ ಪೌಚ್ ಒಳ್ಳೆ ಆಯ್ಕೆ. ಧೂಳಿನಲ್ಲಿ ಓಡಾಡುವ ಬಹಳಷ್ಟು ಜನಕ್ಕೆ ನಿಜ ಹೇಳಬೇಕಂದ್ರೆ ಅದೇ ಸರಿಯಾದ ಕವರು, ಒಗೆದು ಒಣಹಾಕಬಹುದು. ಚಳ್ಳಕೆರೆ ಕಂಬಳಿ ತುಂಡಿನಲ್ಲಿ ಪೌಚ್ ಹೊಲಿಸಿ ಒಳಗೆ ಹತ್ತಿ ಬಟ್ಟೆ ಅಸ್ತರು ಕೊಟ್ಟರೆ ಪೆಟ್ಟು ತಡೆಯೋಕೆ ಯಾವ ದುಬಾರಿ ಫೋಮಿಗೂ ಕಮ್ಮಿ ಇಲ್ಲ. ನೆನೆದರೆ ಮಾತ್ರ ಒಣಗೋದು ನಿಧಾನ.

ಕೊಬ್ಬರಿ ಎಣ್ಣೆ ಹಚ್ಚಬೇಡಿ

ಹೊಸದುರ್ಗ, ಹಿರಿಯೂರು ಕಡೆ ತೆಂಗು ಇದೆ ಅಂತ ಚರ್ಮಕ್ಕೂ ಕೊಬ್ಬರಿ ಎಣ್ಣೆ ಸವರುವ ರೂಢಿ ಇದೆ. ಚರ್ಮ ಕಪ್ಪಾಗುತ್ತದೆ, ಜಿಡ್ಡಿಗೆ ಧೂಳು ಹಿಡಿಯುತ್ತದೆ. ಬಣ್ಣವಿಲ್ಲದ ಶೂ ಕ್ರೀಂ ಮೂರು ತಿಂಗಳಿಗೊಮ್ಮೆ ಬಟ್ಟೆಯಲ್ಲಿ ತೆಳ್ಳಗೆ ಹಚ್ಚಿದರೆ ಸಾಕು. ಮಳೆಗೆ ನೆನೆದರೆ ಟ್ಯಾಬ್ ಹೊರತೆಗೆದು, ಕವರನ್ನು ನೆರಳಲ್ಲಿ ಆರಿಸಿ. ಬಿಸಿಲಿಗೆ ಹಾಕಿದರೆ, ಒಲೆ ಮುಂದೆ ಇಟ್ಟರೆ ಸೆಟೆದು ಬಿರಿಯುತ್ತದೆ. ಮಳೆಗಾಲದಲ್ಲಿ ಬೀರುವಿನಲ್ಲಿ ಇಟ್ಟ ಚರ್ಮಕ್ಕೆ ಬೂಷ್ಟು ಬರುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ವಾರಕ್ಕೊಮ್ಮೆ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಒಳಗಿನ ಅಂಚು, ಅಯಸ್ಕಾಂತ ಇರುವ ಜಾಗ ಉಜ್ಜಿ ಧೂಳು ತೆಗೆಯಿರಿ.

ಬಿಲ್ಲಿನಲ್ಲಿ ಏನು ಬರೆದಿರಬೇಕು

‘ಟ್ಯಾಬ್ ಕವರ್ – 1’ ಅಂತ ಬರೆದ ಬಿಲ್ಲು ನಾಳೆ ಕೆಲಸಕ್ಕೆ ಬರಲ್ಲ. ‘ಚರ್ಮದ ಕವರ್’ ಅಥವಾ ‘ಪಿಯು ಕವರ್’ ಅಂತ ಸ್ಪಷ್ಟವಾಗಿ ಇರಬೇಕು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಸಾಮಾನಿನ ಗುಣಮಟ್ಟ, ಅದು ಯಾವುದರಿಂದ ಮಾಡಿದ್ದು ಅನ್ನೋದರ ಬಗ್ಗೆ ಸುಳ್ಳು ಹೇಳಿ ಮಾರೋದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದರಲ್ಲೇ ಸೇರುತ್ತದೆ. ‘ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಅನ್ನೋ ಬೋರ್ಡು ದೋಷ ಇರುವ ಸಾಮಾನಿಗೆ ನಡೆಯಲ್ಲ. ಬಿಲ್ಲಿನಲ್ಲಿ ಅವಧಿ ಹಾಕಿದ್ದರೆ ಆ ಅವಧಿಯೊಳಗೆ, ಹಾಕದಿದ್ದರೆ 30 ದಿನದೊಳಗೆ ದೋಷದ ಸಾಮಾನು ವಾಪಸ್ ತಗೊಂಡು ಹಣ ಕೊಡಬೇಕು.

ಕೆಲಸಕ್ಕೆ ಕೊಂಡದ್ದು, ಹಾಗಾಗಿ ನೀವು ಗ್ರಾಹಕ ಅಲ್ಲ ಅಂತ ಕೆಲವರು ವಾದ ಹಾಕುತ್ತಾರೆ. ವ್ಯಾಪಾರದ ಉದ್ದೇಶಕ್ಕೆ ಕೊಂಡವರನ್ನು ಕಾಯ್ದೆ ಹೊರಗಿಡುತ್ತದೆ ನಿಜ, ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ತಾನೇ ಬಳಸುವವರನ್ನು ಹೊರಗಿಟ್ಟಿಲ್ಲ. ಒಬ್ಬ ಏಜೆಂಟ್, ಒಬ್ಬ ವಕೀಲ, ಒಂದು ಸಣ್ಣ ಅಂಗಡಿಯವರು ಇದರೊಳಗೆ ಬರುತ್ತಾರೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಚಿತ್ರದುರ್ಗದಲ್ಲಿರುವ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷ ರೂ.ವರೆಗಿನ ಮೌಲ್ಯದ ದೂರಿಗೆ ಶುಲ್ಕ ಇಲ್ಲ, ವಕೀಲರು ಕಡ್ಡಾಯವೂ ಅಲ್ಲ.

ಅಂಗಡಿಯವರೂ ಗಮನಿಸಬೇಕಾದ್ದು, ಹೋಲ್‌ಸೇಲರ್ ಲೆದರ್ ಅಂದಿದ್ದ ಅಂತ ಹೇಳಿ ಗ್ರಾಹಕರ ಮುಂದೆ ಜಾರಿಕೊಳ್ಳೋಕಾಗಲ್ಲ. ಸ್ಟಾಕ್ ಬಂದಾಗಲೇ ಒಂದು ಕವರಿನ ಕ್ಯಾಮೆರಾ ತೂತು ನೋಡಿ, ಪಿಯು ಆಗಿದ್ದರೆ ಪಿಯು ಅಂತ ಚೀಟಿ ಅಂಟಿಸಿ ನೇತುಹಾಕಿ. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗಳು ಸ್ವಂತ ವ್ಯವಹಾರಕ್ಕೆ ಕವರ್ ಕೊಳ್ಳುವಾಗ ಬಿಲ್ಲಿನಲ್ಲಿ ತಮ್ಮ ಜಿಎಸ್‌ಟಿ ನಂಬರ್ ಹಾಕಿಸಿಕೊಂಡರೆ, ಕಟ್ಟಿದ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಪಡೆಯಬಹುದು. ರಾಜಿ ತೆರಿಗೆ, ಅಂದ್ರೆ ಕಾಂಪೊಸಿಷನ್ ಪದ್ಧತಿಯಲ್ಲಿ ಇರುವವರಿಗೆ ಈ ಅನುಕೂಲ ಇಲ್ಲ.